ಸ್ವಂತ ಪೊರೆಯ ಸ್ಲಿಂಗ್: ಒಳಗೆ ಹಾಕಿದ ಪಟ್ಟಿ ಆಮೇಲೆ ಏನಾಗುತ್ತದೆ?

ಕುಂಬಳೆ_ನರ್ಸಕ್ಕ

ಕೆಮ್ಮಿದಾಗ, ಸೀನಿದಾಗ, ಕೊಡಪಾನ ಎತ್ತಿದಾಗ ಮೂತ್ರ ಸೋರುವ ಹೆಂಗಸರಿಗೆ ಅವರ ಹೊಟ್ಟೆಯ ಪೊರೆಯಿಂದಲೇ ಪಟ್ಟಿ (ಸ್ಲಿಂಗ್) ಕತ್ತರಿಸಿ ಹಾಕುವ ಆಪರೇಷನ್ ಉಂಟಲ್ಲ, ಅದರ ಬಗ್ಗೆ ಎರಡು ಪುಟದ ಕನ್ನಡ ಕರಪತ್ರ ತಯಾರಾಗುತ್ತಿದೆ. ಇಲ್ಲಿ ಕಾಸರಗೋಡಿನ ಕಡೆ ಕೈಗೆ ಸಿಗುವುದೆಲ್ಲ ಮಲಯಾಳ, ಇಲ್ಲವೇ ಇಂಗ್ಲಿಷ್. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ವಯಸ್ಸಾದವರಿಗೆ ಎರಡೂ ಆಗುವುದಿಲ್ಲ.

ಕರಡಿನಲ್ಲಿ ಒಂದು ವಾಕ್ಯ ಹೀಗಿದೆ: "ಈ ಪಟ್ಟಿ ರಬ್ಬರ್ ಬ್ಯಾಂಡಿನ ಹಾಗೆ ಮೂತ್ರನಾಳವನ್ನು ಜೀವನಪೂರ್ತಿ ಎಳೆದು ಹಿಡಿಯುತ್ತದೆ." ಇದು ಸರಿಯಾ? ಪಟ್ಟಿ ಒಳಗೆ ಜೀವಂತ ಇರುತ್ತದಾ, ಸಾಯುತ್ತದಾ? ಬರಬರುತ್ತಾ ಸಡಿಲ ಆಗುವುದಾ, ಬಿಗಿ ಆಗುವುದಾ? ಆರು ವಾರ, ಮೂರು ತಿಂಗಳು ಎಂದು ಹೇಳುವ ಲೆಕ್ಕಗಳು ಎಲ್ಲಿಂದ ಬಂದವು? ಗೊತ್ತಿದ್ದವರು ಬಿಡಿಸಿ ಬರೆಯಿರಿ. ಅನುಭವದ ಕತೆಗಳಿಗೆ ಬೇರೆ ಎಳೆ ಉಂಟು, ಇಲ್ಲಿ ಬೇಡ.

ಗಡಿನಾಡು_ಮಾಷ್ಟ್ರು

ವೈದ್ಯಕೀಯದ ಮಾತು ಬಲ್ಲವರು ಹೇಳಲಿ. ಒಂದು ಶಬ್ದದ ತಕರಾರು ಮಾತ್ರ ನನ್ನದು. ಕನ್ನಡದಲ್ಲಿ "ಮೂತ್ರನಾಳ" ಎಂದು ಎರಡಕ್ಕೂ ಬರೆಯುತ್ತಾರೆ: ಮೂತ್ರಪಿಂಡದಿಂದ ಮೂತ್ರಚೀಲಕ್ಕೆ ಬರುವ ಯುರೀಟರಿಗೂ, ಚೀಲದಿಂದ ಹೊರಗೆ ಬರುವ ಯುರೆತ್ರಾಕ್ಕೂ. ಮೊದಲನೆಯದು ಎರಡು, ಎರಡನೆಯದು ಒಂದೇ. ಕರಪತ್ರದಲ್ಲಿ ಹೊರಗಿನದಕ್ಕೆ "ಮೂತ್ರನಳಿಕೆ" ಎಂದು ಒಂದೇ ಶಬ್ದ ಇಟ್ಟುಕೊಳ್ಳಿ, ಮೊದಲ ಸಾರಿ ಬರುವಲ್ಲಿ ಚಿತ್ರ ಹಾಕಿ.

ಚಂದ್ರಗಿರಿ_ಯುರೋಗೈನೆಕ್

ರಬ್ಬರ್ ಬ್ಯಾಂಡಿನ ವಾಕ್ಯ ತೆಗೆದುಬಿಡಿ ಸಿಸ್ಟರ್. ಎರಡು ಕಡೆ ತಪ್ಪಿದೆ.

ಮೊದಲನೆಯದು, ಪಟ್ಟಿ ಎಳೆದು ಹಿಡಿಯುವುದೇ ಇಲ್ಲ, ಹಿಡಿಯಬಾರದು ಸಹ. ಸುಮ್ಮನೆ ಕೂತಾಗ ಅದು ಮೂತ್ರನಳಿಕೆಯ ಕೆಳಗೆ ಒತ್ತದೆ ಮಲಗಿರಬೇಕು. ಕೆಮ್ಮು ಬಂದಾಗ ಹೊಟ್ಟೆಯ ಒತ್ತಡ ನಳಿಕೆಯನ್ನು ಕೆಳಗೆ ತಳ್ಳುತ್ತದೆ. ಕೆಳಗೆ ಗಟ್ಟಿ ಆಸರೆ ಇದ್ದರೆ ನಳಿಕೆ ಅದಕ್ಕೆ ಒತ್ತಿ ಮುಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ಜಾರಿ ತೆರೆದುಕೊಳ್ಳುತ್ತದೆ. ಮಣ್ಣಿನ ಮೇಲೆ ಬಿದ್ದ ನೀರಿನ ಪೈಪನ್ನು ಮೆಟ್ಟಿದರೆ ಪೈಪು ಮಣ್ಣಿಗೆ ಇಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಅದೇ ಪೈಪು ಕಲ್ಲಿನ ಮೇಲಿದ್ದರೆ ಮೆಟ್ಟಿದ ಕೂಡಲೇ ನೀರು ನಿಲ್ಲುತ್ತದೆ. ಸ್ಲಿಂಗ್ ಆ ಕಲ್ಲು.

ಎರಡನೆಯದು, ಆಪರೇಷನ್ ದಿನ ಹಾಕಿದ ಪಟ್ಟಿಯೂ ಎರಡು ವರ್ಷದ ನಂತರ ಅಲ್ಲಿರುವ ಪಟ್ಟಿಯೂ ಒಂದೇ ಅಲ್ಲ. ಆಕಾರ ಅದೇ, ಜಾಗ ಅದೇ. ಒಳಗಿನ ಜೀವಕೋಶಗಳೂ ಬಹುಪಾಲು ನಾರುಗಳೂ ಹೊಸವು. ಹಳೆ ಮನೆಯ ಮಾಡನ್ನು ಹಾಗೇ ನಿಲ್ಲಿಸಿ ಒಂದೊಂದೇ ಪಕ್ಕಾಸು ಬದಲಿಸಿದ ಹಾಗೆ.

ಪೆಥಾಲಜಿ_ಮೇಜು

ಒಳಗಿನ ಕೆಲಸ ಹಂತಹಂತವಾಗಿ ಬರೆಯುತ್ತೇನೆ.

ಹೊಟ್ಟೆಯ ರೆಕ್ಟಸ್ ಪೊರೆ (ಮುಂಬದಿಯ ಸ್ನಾಯುವಿನ ಮೇಲಿನ ಗಟ್ಟಿ ಪದರ) ಹೆಚ್ಚಾಗಿ ಒಂದನೇ ಬಗೆಯ ಕೊಲಾಜನ್ ನಾರು. ಕಟ್ಟುಕಟ್ಟಾಗಿ, ಒಂದೇ ದಿಕ್ಕಿಗೆ ಜೋಡಿಸಿದ ಹಾಗೆ ಇರುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ನಾರು ನೇಯುವ ಫೈಬ್ರೊಬ್ಲಾಸ್ಟ್ ಕೋಶ. ಕೋಶಗಳು ಕಡಿಮೆ ಆದ್ದರಿಂದ ಅದಕ್ಕೆ ಆಮ್ಲಜನಕದ ಹಸಿವೂ ಕಡಿಮೆ. ಕತ್ತರಿಸಿ ತೆಗೆದ ಕ್ಷಣಕ್ಕೆ ರಕ್ತನಾಳ ಕಡಿಯಿತು. ಆದರೂ ಪಟ್ಟಿ ತೆಳ್ಳಗೆ ಇರುವುದರಿಂದ ಮೊದಲ ಎರಡು ಮೂರು ದಿನ ಸುತ್ತಲಿನ ದ್ರವವನ್ನು ಹೀರಿಕೊಂಡು ಬದುಕುತ್ತದೆ. ನಡುವಿನ ಕೆಲವು ಕೋಶ ಸಾಯುತ್ತವೆ. ನಾರಿನ ಚೌಕಟ್ಟು ಮಾತ್ರ ಹಾಗೇ ನಿಲ್ಲುತ್ತದೆ, ಯಾಕೆಂದರೆ ಕೊಲಾಜನ್ ನಾರಿಗೆ ಜೀವ ಇಲ್ಲ, ಸಾಯಲಿಕ್ಕೂ ಇಲ್ಲ.

ಮೊದಲ ವಾರದ ಕೊನೆಯಿಂದ ಅಂಚುಗಳಲ್ಲಿ ಕೂದಲಿನಷ್ಟು ಸಪೂರದ ರಕ್ತನಾಳಗಳು (ಕ್ಯಾಪಿಲರಿ) ಚಿಗುರುತ್ತವೆ. ಮ್ಯಾಕ್ರೊಫೇಜ್‌ಗಳು ಬಂದು ಸತ್ತದ್ದನ್ನು ಗುಡಿಸುತ್ತವೆ. ಅವುಗಳ ಹಿಂದೆ ದೇಹದ ಹೊಸ ಫೈಬ್ರೊಬ್ಲಾಸ್ಟ್‌ಗಳು ನಾರಿನ ಸಂದಿಯಲ್ಲಿ ನುಗ್ಗುತ್ತವೆ. 3ರಿಂದ 8 ವಾರದ ಹೊತ್ತಿಗೆ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಕಿಕ್ಕಿರಿದಿರುತ್ತವೆ, ಹೊಸ ರಕ್ತನಾಳ ಧಾರಾಳ. ಹೊಸ ಕೊಲಾಜನ್ ಮೊದಲು ಮೂರನೇ ಬಗೆಯದು, ಸಪೂರ, ಅಡ್ಡಾದಿಡ್ಡಿ. ತಿಂಗಳುಗಳು ಕಳೆದ ಹಾಗೆ ಅದು ಕರಗಿ ಒಂದನೇ ಬಗೆಯದು ಬರುತ್ತದೆ, ನಾರುಗಳ ನಡುವೆ ಅಡ್ಡಬಂಧ ಬೀಳುತ್ತದೆ. ವರ್ಷಗಳ ನಂತರದ ತುಣುಕಿನಲ್ಲಿ ನಾರುಗಳೂ ಕೋಶಗಳೂ ಪಟ್ಟಿಯ ಉದ್ದಕ್ಕೆ, ಎಳೆತದ ದಿಕ್ಕಿಗೇ ಸಾಲಾಗಿ ನಿಂತಿರುತ್ತವೆ. ಉರಿಯೂತ ಹೆಸರಿಗೂ ಕಾಣದಿರಬಹುದು. ಮೆಶ್ (ಪ್ಲಾಸ್ಟಿಕ್ ಜಾಲರಿಯ ಪಟ್ಟಿ) ಸುತ್ತ ಕಾಣುವ ದೈತ್ಯಕೋಶಗಳ ಗುಂಪು ಇಲ್ಲಿ ಇಲ್ಲ, ಹೊರಗಿನ ವಸ್ತು ಎಂದು ದೇಹ ಗುರುತಿಸುವಂಥದ್ದು ಏನೂ ಇಲ್ಲವಲ್ಲ. ದಾರದ ಗಂಟಿನ ಸುತ್ತ ಮಾತ್ರ ಅಂಥ ಕೋಶಗಳು ಸಿಗಬಹುದು.

ಸುಮ್ಮನೆ ಕೂತಾಗ ಎಳೆತ ಇರಬಾರದು ನಿಜ, ಆದರೆ ನಡೆದಾಡುವಾಗ ಬೀಳುವ ಸಣ್ಣ ಎಳೆತವೂ ಇಲ್ಲದಿದ್ದರೆ ಈ ಸಾಲು ಸರಿಯಾಗಿ ಬರುವುದಿಲ್ಲ. ಫೈಬ್ರೊಬ್ಲಾಸ್ಟ್ ತನ್ನ ಮೇಲೆ ಬೀಳುವ ಎಳೆತವನ್ನು ಅರಿತು ಆ ದಿಕ್ಕಿಗೇ ನಾರು ನೇಯುತ್ತದೆ. ಅದಕ್ಕೇ ರೋಗಿಯನ್ನು ಮೂರು ತಿಂಗಳು ಹಾಸಿಗೆಯಲ್ಲಿ ಮಲಗಿಸುವುದು ಸರಿಯಲ್ಲ. ಮಿತವಾದ ನಡಿಗೆ ಬೇಕು.

ತಲಪಾಡಿ_ಜಿಪಿ

"ಕಸಿ" ಎಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಹಿಪ್ಪಲಿಗೆ ಕಟ್ಟಿದ ಕರಿಮೆಣಸಿನ ಬಳ್ಳಿ ನೆನಪಾಗುತ್ತದೆ. ಅಲ್ಲಿ ಕೆಳಗಿನದು ಹಿಪ್ಪಲಿಯಾಗಿಯೇ ಉಳಿಯುತ್ತದೆ, ಮೇಲಿನದು ಮೆಣಸಾಗಿಯೇ. ಸಂದು ಮಾತ್ರ ಕೂಡುವುದು. ಇಲ್ಲಿ ಹಾಗಲ್ಲ ಎಂದು ಕರಪತ್ರದಲ್ಲಿ ಸ್ಪಷ್ಟ ಬರೆಯಬೇಕು. ಇಲ್ಲದಿದ್ದರೆ "ಕಸಿ ಹಿಡಿಯಿತಾ ಡಾಕ್ಟ್ರೇ, ಒಣಗಿತಾ?" ಎಂದು ಕೇಳುತ್ತಾರೆ.

ಗಡಿನಾಡು_ಮಾಷ್ಟ್ರು

"ಸ್ವಂತ ಪೊರೆಯ ಪಟ್ಟಿ" ಎಂದೇ ಬರೆದರೆ ಸಾಕು. ಕಸಿ ಶಬ್ದ ಬಿಡುವ.

ಮಂಜೇಶ್ವರ_ಓಟಿ

ಪಟ್ಟಿ ಮುಂದೆ ಏನಾಗುತ್ತದೆ ಎಂಬುದರಲ್ಲಿ ಅರ್ಧ, ತೆಗೆಯುವಾಗಲೇ ನಿರ್ಧಾರ ಆಗಿರುತ್ತದೆ. ಅದನ್ನೂ ಸೇರಿಸುತ್ತೇನೆ.

ಪ್ಯೂಬಿಕ್ ಎಲುಬಿನ (ಕಿಬ್ಬೊಟ್ಟೆಯ ತಳದ ಎಲುಬು) ಮೇಲೆ ಎರಡು ಬೆರಳು ಬಿಟ್ಟು 6–8 ಸೆಂ.ಮೀ. ಅಡ್ಡ ಗಾಯ. ಕೊಬ್ಬು ಸರಿಸಿ ಪೊರೆ ಬಿಳಿಯಾಗಿ ಹೊಳೆಯುವ ತನಕ ಒರೆಸಬೇಕು. ಪಟ್ಟಿ 8–10 ಸೆಂ.ಮೀ. ಉದ್ದ, 1.5–2 ಸೆಂ.ಮೀ. ಅಗಲ, ಅಡ್ಡಕ್ಕೆ, ನಾರು ಹೋಗುವ ದಿಕ್ಕಿಗೇ. ನಾರಿಗೆ ಅಡ್ಡ ಕತ್ತರಿಸಿದ ಪಟ್ಟಿ ದಾರ ಹಾಕಿದಲ್ಲಿ ಸೀಳುತ್ತದೆ, ಬಾಳೆಪಟ್ಟೆಯಿಂದ ಅಡ್ಡಕ್ಕೆ ಕತ್ತರಿಸಿದ ತುಂಡಿನ ಹಾಗೆ. ತೆಗೆದ ಮೇಲೆ ಹಿಂಬದಿಯ ಕೊಬ್ಬು, ಸ್ನಾಯುವಿನ ಚೂರು ಎಲ್ಲ ಕತ್ತರಿಯಿಂದ ಸ್ವಚ್ಛ ಮಾಡಬೇಕು. ಕೊಬ್ಬು ಅಂಟಿಕೊಂಡಿದ್ದರೆ ರಕ್ತನಾಳ ಒಳಗೆ ಬರಲು ಅದೇ ಅಡ್ಡಗೋಡೆ. ಆಮೇಲೆ ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯಲ್ಲಿ ಸುತ್ತಿ ಇಡುವುದು. ಒಣಗಲು ಬಿಡಬಾರದು, ಓಟಿಯ ಲೈಟಿನ ಕೆಳಗೆ ಹತ್ತು ನಿಮಿಷ ಬಿಟ್ಟರೂ ಅಂಚು ಕಾಗದದ ಹಾಗೆ ಆಗುತ್ತದೆ.

ಎರಡೂ ತುದಿಗೆ ದಾರ; ಆ ದಾರವನ್ನು ಎಲುಬಿನ ಹಿಂದಿನಿಂದ ಮೇಲೆ ತಂದು ಹೊಟ್ಟೆಯ ಪೊರೆಯ ಮೇಲೆ ಗಂಟು ಹಾಕುವುದು. ಅಂಚಿನಿಂದ 5 ಮಿ.ಮೀ. ಒಳಗೆ, ಅಗಲಕ್ಕೆ ಎರಡು ಮೂರು ಬಾರಿ ಚುಚ್ಚಿ ಹಾಕಬೇಕು. ಒಂದೇ ಚುಚ್ಚು ಹಾಕಿದರೆ ಭಾರ ಎಲ್ಲ ಒಂದು ಬಿಂದುವಿಗೆ ಬೀಳುತ್ತದೆ, ದಾರ ಪೊರೆಯನ್ನು ಕೊಯ್ದುಕೊಂಡು ಹೊರಬರುತ್ತದೆ. ಮೊದಲ ತಿಂಗಳಲ್ಲಿ ಸೋರಿಕೆ ಮರಳಿ ಬಂದರೆ ಮೊದಲು ಸಂಶಯ ಪಡಬೇಕಾದ್ದು ಇದನ್ನು.

ಹೊಟ್ಟೆಯ ಪೊರೆ ಮುಚ್ಚುವುದೂ ಅಷ್ಟೇ ಮುಖ್ಯ. 2 ಸೆಂ.ಮೀ. ಅಗಲ ತೆಗೆದಿದ್ದೀರಿ, ಮೇಲಿನ ಕೆಳಗಿನ ಅಂಚನ್ನು ಸ್ನಾಯುವಿನಿಂದ ಬಿಡಿಸದೆ ಎಳೆದು ಹೊಲಿದರೆ ಹರಿದು ಹರ್ನಿಯಾ ಆಗಬಹುದು.

ಕುಂಬಳೆ_ನರ್ಸಕ್ಕ

ಸಿಸೇರಿಯನ್ ಆದವರಿಗೆ? ಇಲ್ಲಿ ಎರಡು ಸಿಸೇರಿಯನ್ ಆದವರು ಎಷ್ಟೋ ಮಂದಿ.

ಚಂದ್ರಗಿರಿ_ಯುರೋಗೈನೆಕ್

ಹಳೆಯ ಗಾಯದ ಗೆರೆ ಪಟ್ಟಿಯ ಒಳಗೆ ಬರಬಾರದು. ಕಲೆಯ ಅಂಗಾಂಶದಲ್ಲಿ ನಾರು ಅಡ್ಡಾದಿಡ್ಡಿ, ಬಲವೂ ಮೂಲದಷ್ಟಿಲ್ಲ. ಅದೇ ಚರ್ಮದ ಗಾಯದಿಂದ ಹೋಗಿ ಒಳಗೆ ಸ್ವಲ್ಪ ಮೇಲಿನ ಅಥವಾ ಕೆಳಗಿನ ಹೊಸ ಪೊರೆ ತೆಗೆದರೆ ಆಯಿತು. ಹೊಟ್ಟೆಯಲ್ಲಿ ಮೆಶ್ ಹಾಕಿದ ಹರ್ನಿಯಾ ಆಪರೇಷನ್ ಆಗಿದ್ದರೆ, ಅಥವಾ ಹೊಟ್ಟೆ ತುಂಬಾ ದಪ್ಪ ಇದ್ದರೆ, ತೊಡೆಯ ಹೊರಮಗ್ಗುಲಿನ ಪೊರೆ (ಫೇಸಿಯಾ ಲೇಟಾ) ತೆಗೆಯುತ್ತಾರೆ. ಮೊಣಕಾಲಿನ ಮೇಲೆ 3 ಸೆಂ.ಮೀ. ಗಾಯ, ಅಲ್ಲಿಂದ ಸ್ಟ್ರಿಪ್ಪರ್ (ಪಟ್ಟಿ ಬಿಡಿಸುವ ಉಪಕರಣ) ಮೇಲೆ ದೂಡಿದರೆ 20 ಸೆಂ.ಮೀ. ತನಕ ಪಟ್ಟಿ ಸಿಗುತ್ತದೆ. ನಾರೆಲ್ಲ ಉದ್ದಕ್ಕೇ ಇರುವುದರಿಂದ ಒಳ್ಳೆಯ ಪಟ್ಟಿ. ತೊಂದರೆ ಏನೆಂದರೆ ಒಂದು ವಾರ ನಡೆಯುವಾಗ ನೋವು, ಕೆಲವರಿಗೆ ಆ ಜಾಗದಲ್ಲಿ ನೀರು ತುಂಬುವುದು, ಸ್ನಾಯು ಸ್ವಲ್ಪ ಉಬ್ಬಿ ಕಾಣುವುದು.

ಇತಿಹಾಸ ಆಸಕ್ತಿ ಇದ್ದವರಿಗೆ: ತೊಡೆಯ ಪೊರೆಯನ್ನು ಪ್ರೈಸ್ 1933ರಲ್ಲಿ ಬಳಸಿದರು. ಆಲ್ಡ್ರಿಜ್ 1942ರಲ್ಲಿ ಹೊಟ್ಟೆಯ ಪೊರೆಯ ಎರಡು ಪಟ್ಟಿಗಳನ್ನು ಬುಡ ಕಡಿಯದೆ ಇಳಿಸಿ ನಳಿಕೆಯ ಕೆಳಗೆ ಕೂಡಿಸಿದರು. ಬುಡಕ್ಕೆ ರಕ್ತ ಬರಲಿ ಎಂಬ ಆಸೆ ಇರಬೇಕು. ಆದರೆ ಬಿಡಿ ಪಟ್ಟಿಯೂ ಬದುಕುತ್ತದೆ ಎಂದು ಗೊತ್ತಾದ ಮೇಲೆ ಆ ಕಷ್ಟ ಬೇಡವಾಯಿತು. ಮೆಕ್‌ಗೈರ್ ಮತ್ತು ಲಿಟ್ಟನ್ 1978ರಲ್ಲಿ ಬರೆದ ಮೇಲೆ ಈಗಿನ ರೂಪ ನೆಲೆಯಾಯಿತು. 1996ರಲ್ಲಿ ಉಲ್ಮ್‌ಸ್ಟೆನ್ ಪಾಲಿಪ್ರೊಪಿಲೀನ್ ಮೆಶ್ ಟೇಪು ಹಾಕುವ ಟಿವಿಟಿ ಆಪರೇಷನ್ ತಂದರು, ಅರ್ಧ ಗಂಟೆಯ ಕೆಲಸ, ಹೊಟ್ಟೆಯ ಗಾಯ ಇಲ್ಲ. ಎಲ್ಲರೂ ಅತ್ತ ಹೋದರು. 2018ರಲ್ಲಿ ಬ್ರಿಟನ್ ಸೋರಿಕೆಯ ಮೆಶ್ ಟೇಪನ್ನೂ ತಡೆಹಿಡಿದ ನಂತರ ಸ್ವಂತ ಪೊರೆಗೆ ಮತ್ತೆ ಬೇಡಿಕೆ ಬಂತು. ಮೆಶ್ ಎಲ್ಲರಿಗೂ ಕೆಟ್ಟದ್ದು ಎಂದು ಇದರ ಅರ್ಥ ಅಲ್ಲ. ಆದರೆ ಮೂತ್ರನಳಿಕೆಯಲ್ಲೇ ತೂತು, ಫಿಸ್ಟುಲಾ (ಯೋನಿಗೆ ತೆರೆದ ಅಡ್ಡದಾರಿ), ಡೈವರ್ಟಿಕ್ಯುಲಮ್ (ಗೋಡೆ ಉಬ್ಬಿ ಆದ ಸಣ್ಣ ಚೀಲ) ಇದ್ದರೆ, ಹಳೆಯ ಮೆಶ್ ನಳಿಕೆಯನ್ನು ಕೊರೆದು ಒಳಗೆ ಬಂದಿದ್ದರೆ, ಮೆಶ್ ಮಾತೇ ಬೇಡ.

ಪೆರ್ಡಾಲ_ಫಿಸಿಯೊ

ವಾರಗಳ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದ್ದೀರಿ ಅಕ್ಕ. ಮೂರು ಲೆಕ್ಕ ಒಂದರ ಮೇಲೊಂದು ಬೀಳುತ್ತವೆ.

ಒಂದು, ದಾರದ ಬಲ. ವಿಕ್ರಿಲ್, ಪಿಡಿಎಸ್ ಕರಗುವ ಹೊಲಿಗೆ ದಾರಗಳು. ವಿಕ್ರಿಲ್ ಎರಡು ವಾರಕ್ಕೆ ಮುಕ್ಕಾಲು ಪಾಲು ಬಲ ಉಳಿಸಿಕೊಂಡು ಮೂರನೇ ವಾರಕ್ಕೆ ಅರ್ಧಕ್ಕೆ, ನಾಲ್ಕಕ್ಕೆ ಕಾಲಿಗೆ ಇಳಿಯುತ್ತದೆ. ಪಿಡಿಎಸ್ ನಾಲ್ಕನೇ ವಾರಕ್ಕೆ ಅರ್ಧ, ಆರಕ್ಕೆ ಕಾಲು. ಪ್ರೋಲೀನ್ ಕರಗುವುದಿಲ್ಲ.

ಎರಡು, ಗಾಯದ ಬಲ. ಮೂರು ವಾರಕ್ಕೆ ಮೂಲದ ಐದರಲ್ಲಿ ಒಂದು ಪಾಲು, ಆರು ವಾರಕ್ಕೆ ಹತ್ತಿರ ಹತ್ತಿರ ಅರ್ಧ, ಮೂರು ತಿಂಗಳಿಗೆ ಸುಮಾರು 80 ಶೇಕಡ. ಅಲ್ಲಿಂದ ಮುಂದೆ ಹೆಚ್ಚು ಏರುವುದಿಲ್ಲ.

ಮೂರು, ಪಟ್ಟಿಯದೇ ಬಲ. ಹಳೆಯ ನಾರನ್ನು ಕಿಣ್ವಗಳು ಕರಗಿಸುತ್ತಿರುವಾಗ ಹೊಸದು ಇನ್ನೂ ಎಳೆಯದು, ಹಾಗಾಗಿ ನಡುವೆ ಒಂದು ತಗ್ಗು ಬರುತ್ತದೆ. ಮೊಣಕಾಲಿನ ಲಿಗಮೆಂಟ್ ಕಸಿಯಲ್ಲಿ ಇದನ್ನು ಚೆನ್ನಾಗಿ ಅಳೆದಿದ್ದಾರೆ: ಹಾಕಿದ ದಿನಕ್ಕಿಂತ ಎರಡನೇ ತಿಂಗಳಲ್ಲಿ ಪಟ್ಟಿ ದುರ್ಬಲ.

ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿ. ರೋಗಿಗೆ ನೋವು ಹೋಗಿ "ನನಗೇನೂ ಇಲ್ಲ" ಅನಿಸುವ ನಾಲ್ಕರಿಂದ ಎಂಟನೇ ವಾರವೇ ಒಳಗೆ ಅತಿ ದುರ್ಬಲ ಕಾಲ. ಬಾವಿಯಿಂದ ನೀರು ಸೇದುವುದು, ತುಂಬಿದ ಕೊಡ ಎತ್ತುವುದು ಶುರುವಾಗುವುದೂ ಆಗಲೇ. 10 ಲೀಟರ್ ನೀರು ಎಂದರೆ ಪಾತ್ರೆ ಬಿಟ್ಟೇ 10 ಕಿಲೊ. ಆರು ವಾರ 4–5 ಕಿಲೊ ಮೀರಬಾರದು, ಮೂರು ತಿಂಗಳು ಕೊಡ, ಗ್ಯಾಸ್ ಸಿಲಿಂಡರ್, ಅಡಿಕೆ ಗೋಣಿ ಮುಟ್ಟಬಾರದು. ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿಯುವುದನ್ನೂ ಆರು ವಾರ ಬಿಡಬೇಕು, ಆಮೇಲೆ ಎತ್ತರದ ಮಣೆ ಹಾಕಿಕೊಳ್ಳಲಿ. ನಡಿಗೆ ಎರಡನೇ ದಿನದಿಂದಲೇ.

ಪೆಥಾಲಜಿ_ಮೇಜು

ಮೊಣಕಾಲಿನ ಹೋಲಿಕೆಗೆ ಒಂದು ತಿದ್ದುಪಡಿ. ಅಲ್ಲಿ ಪಟ್ಟಿ ಕೀಲಿನ ದ್ರವದಲ್ಲಿ ಮುಳುಗಿರುತ್ತದೆ, ರಕ್ತ ತಡವಾಗಿ ಬರುತ್ತದೆ, ಮೇಲೆ ಬೀಳುವ ಭಾರವೂ ಬಹಳ. ಇಲ್ಲಿ ಸುತ್ತಲೂ ರಕ್ತ ತುಂಬಿದ ಅಂಗಾಂಶ, ಭಾರ ಕಡಿಮೆ. ತಗ್ಗು ಇಲ್ಲೂ ಇರಬೇಕು, ಅಷ್ಟು ಆಳ ಇರಲಾರದು. ಮೊಲಗಳ ಮೇಲಿನ 12 ವಾರದ ಪ್ರಯೋಗದಲ್ಲಿ ಸ್ವಂತ ಪೊರೆ ತನ್ನ ಬಲವನ್ನು ಉಳಿಸಿಕೊಂಡಿತು; ಶವದಿಂದ ತೆಗೆದ ಪೊರೆ ಮತ್ತು ಹಂದಿಯ ಚರ್ಮ ಬಹುಪಾಲು ಬಲ ಕಳೆದುಕೊಂಡವು. ಆದರೆ ಸ್ವಂತ ಪೊರೆಯ ವಿಸ್ತೀರ್ಣ ಕುಗ್ಗಿತು. ಅಂದರೆ ಬಲ ಉಳಿದರೂ ಅಳತೆ ಉಳಿಯಲಿಲ್ಲ.

ಕುಂಬಳೆ_ನರ್ಸಕ್ಕ

ಕುಗ್ಗುತ್ತದೆ ಅಂದರೆ ಬಿಗಿ ಆಗುತ್ತದೆ ಅಂತಲಾ? ಹಾಗಾದರೆ ಮೊದಲು ಮೂತ್ರ ಕಟ್ಟಿದವರಿಗೆ ತಿಂಗಳು ಕಳೆದ ಮೇಲೆ ಸರಿಯಾಗುವುದು ಹೇಗೆ?

ಚಂದ್ರಗಿರಿ_ಯುರೋಗೈನೆಕ್

ಎಲ್ಲರೂ ಎಡವುವುದು ಇಲ್ಲೇ. ಎರಡು ಬೇರೆ ಬೇರೆ ಚಲನೆ.

ಮೊದಲ ವಾರಗಳಲ್ಲಿ ಮೂತ್ರ ಕಟ್ಟುವುದಕ್ಕೆ ಮುಖ್ಯ ಕಾರಣ ನೀರೂತ, ನೋವು, ಹೆದರಿಕೆಯಿಂದ ಬಿಗಿಹಿಡಿದ ತಳದ ಸ್ನಾಯು. ಇವು ಇಳಿದ ಹಾಗೆ ದಾರಿ ತೆರೆಯುತ್ತದೆ. ಜೊತೆಗೆ ದಾರದ ಗಂಟು ಹೊಟ್ಟೆಯ ಪೊರೆಯೊಳಗೆ ಸ್ವಲ್ಪ ಇಳಿಯುತ್ತದೆ, ಪಟ್ಟಿಯ ತುದಿ ತುಸು ಜಾರುತ್ತದೆ. ಇದನ್ನೇ ಜನ "ಸಡಿಲ ಆಯಿತು" ಎನ್ನುವುದು. ಆಮೇಲಿನ ತಿಂಗಳುಗಳಲ್ಲಿ ಗಾಯದ ಕಲೆ ಕುಗ್ಗುತ್ತದೆ, ನಾರನ್ನು ಎಳೆದು ಕುಗ್ಗಿಸುವ ಕೋಶಗಳಾದ ಮಯೊಫೈಬ್ರೊಬ್ಲಾಸ್ಟ್‌ಗಳ ಕೆಲಸ ಅದು. ಆದರೆ ಪಟ್ಟಿ ಅಗಲದಲ್ಲೂ ಕುಗ್ಗುತ್ತದೆ, ಬಗಲಿನ ಅಂಗಾಂಶವೂ ಮೆದು, ಎಳೆದರೆ ಬರುತ್ತದೆ. ಹಾಗಾಗಿ ನಳಿಕೆಯ ಮೇಲಿನ ಒತ್ತಡ ಸಾಮಾನ್ಯವಾಗಿ ಹೆಚ್ಚು ಏರುವುದಿಲ್ಲ. ಪಟ್ಟಿಯನ್ನು ಮೊದಲೇ ಬಿಗಿಯಾಗಿ ಕಟ್ಟಿದ್ದರೆ ಮಾತ್ರ ಈ ಕುಗ್ಗುವಿಕೆ ತೊಂದರೆ ಕೊಡುತ್ತದೆ. ಅದಕ್ಕೇ ಕಟ್ಟುವಾಗ ದಾರದ ಗಂಟಿನ ಕೆಳಗೆ ಎರಡು ಬೆರಳು ಹೋಗಬೇಕು, ನಳಿಕೆ ಮತ್ತು ಪಟ್ಟಿಯ ನಡುವೆ ಕತ್ತರಿಯ ತುದಿ ಸಲೀಸಾಗಿ ಆಡಬೇಕು. ಗಂಟು ಹಾಕುವ ಮೊದಲು 70 ಡಿಗ್ರಿ ಲೆನ್ಸಿನಿಂದ ಚೀಲದ ಒಳಗೆ ಸುತ್ತ ನೋಡಿ, ಸೂಜಿ ಎಲ್ಲೂ ತೂರಿಲ್ಲ ಎಂದು ಖಾತ್ರಿ ಮಾಡಬೇಕು. ತೂರಿದ್ದರೆ ತೆಗೆದು ಮತ್ತೆ ಹಾಕುವುದು, ಕ್ಯಾಥೆಟರ್ (ಮೂತ್ರ ಹೊರಗೆ ಬಿಡುವ ಕೊಳವೆ) ಕೆಲವು ದಿನ ಹೆಚ್ಚು ಇಡುವುದು, ಅಷ್ಟೇ. ನೋಡದೆ ಬಿಟ್ಟ ದಾರದ ಮೇಲೆ ಕಲ್ಲು ಬೆಳೆಯುತ್ತದೆ.

ಮಂಜೇಶ್ವರ_ಓಟಿ

ದಾರ ಕರಗುವುದು ಬೇಕಾ, ಕರಗದ್ದು ಬೇಕಾ ಎಂದು ಎರಡು ಪಂಗಡ ಉಂಟು. ಕರಗದ ಪ್ರೋಲೀನ್ ಹಾಕುವವರು ಹೇಳುವುದು: ಪಟ್ಟಿ ಗಿಡ್ಡ, ದಾರವೇ ಎಲುಬಿನ ಹಿಂದಿನ ದಾರಿಯಲ್ಲಿ ಭಾರ ಹೊರುತ್ತದೆ, ಅದು ಕರಗಿದರೆ ಹೇಗೆ?

ಚಂದ್ರಗಿರಿ_ಯುರೋಗೈನೆಕ್

ಪಟ್ಟಿಯ ತುದಿಗಳು ಎಂಡೊಪೆಲ್ವಿಕ್ ಪೊರೆಯನ್ನು (ಸೊಂಟದೊಳಗಿನ ತಳದ ಪದರ) ದಾಟಿ ಎಲುಬಿನ ಹಿಂದಿನ ಜಾಗಕ್ಕೆ ಬಂದಿದ್ದರೆ, ಅಲ್ಲೇ ಕಲೆ ಕಟ್ಟಿ ನೆಲೆಯಾಗುತ್ತವೆ. ಆಮೇಲೆ ದಾರಕ್ಕೆ ಕೆಲಸ ಇಲ್ಲ. ಪಟ್ಟಿ 6 ಸೆಂ.ಮೀ.ಗಿಂತ ಗಿಡ್ಡವಾಗಿ ತುದಿ ಯೋನಿಯ ಬದಿಯಲ್ಲೇ ಉಳಿದರೆ ಮಾತ್ರ ದಾರವನ್ನು ನಂಬಬೇಕಾಗುತ್ತದೆ. ನನ್ನ ಮತ ಕೇಳಿದರೆ ಪಟ್ಟಿ ಉದ್ದ ತೆಗೆಯಿರಿ, ದಾರದ ಜಗಳ ತಾನಾಗಿ ಮುಗಿಯುತ್ತದೆ.

ಪೆಥಾಲಜಿ_ಮೇಜು

ಒಪ್ಪಿಗೆ. ಮೂತ್ರ ಕಟ್ಟಿದ್ದಕ್ಕೆ ಆಮೇಲೆ ನಡುವೆ ಕತ್ತರಿಸಿದ ಸ್ಲಿಂಗಿನಲ್ಲೂ ಹೆಚ್ಚಿನವರಿಗೆ ಸೋರಿಕೆ ಮರಳುವುದಿಲ್ಲ ಎಂಬುದೇ ಇದಕ್ಕೆ ಸಾಕ್ಷಿ. ನಡುವಿನ ಸೇತುವೆ ಹೋದರೂ ಎರಡು ಬದಿಯ ಕಲೆ ನಳಿಕೆಯನ್ನು ಹಿಡಿದಿರುತ್ತದೆ.

ತಲಪಾಡಿ_ಜಿಪಿ

ಕತ್ತರಿಸುವ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳಿ. ಮನೆಗೆ ಹೋದವರು ತೊಂದರೆ ಆದರೆ ಮೊದಲು ಬರುವುದು ನಮ್ಮಂಥವರ ಹತ್ತಿರ. ಎಷ್ಟು ದಿನ ಕಾಯಬೇಕು, ಏನು ನೋಡಬೇಕು?

ಚಂದ್ರಗಿರಿ_ಯುರೋಗೈನೆಕ್

ಮೊದಲು ಕ್ಯಾಥೆಟರ್ ತೆಗೆಯುವ ಪರೀಕ್ಷೆ. ಕ್ಯಾಥೆಟರಿನಲ್ಲೇ 300 ಮಿ.ಲೀ. ಸಲೈನ್ ತುಂಬಿ, ಕ್ಯಾಥೆಟರ್ ತೆಗೆದು, ಹದಿನೈದು ನಿಮಿಷದೊಳಗೆ ಮೂತ್ರ ಮಾಡಲು ಹೇಳುವುದು. 200 ಮಿ.ಲೀ. ಅಥವಾ ಹೆಚ್ಚು ಬಂದರೆ ತೇರ್ಗಡೆ. ಬಾರದಿದ್ದರೆ ಸ್ವತಃ ಕ್ಯಾಥೆಟರ್ ಹಾಕಿಕೊಳ್ಳುವುದನ್ನು ಕಲಿಸಿ ಮನೆಗೆ ಕಳಿಸುವುದು. ಆಪರೇಷನ್ನಿಗೆ ಮೊದಲೇ ಕಲಿಸಿದ್ದರೆ ಇನ್ನೂ ಒಳ್ಳೆಯದು, ಆಗ ನೋವೂ ಇಲ್ಲ, ಗಾಬರಿಯೂ ಇಲ್ಲ. 12 ಅಥವಾ 14 ನಂಬರಿನ ಕ್ಯಾಥೆಟರ್, ನಾಲ್ಕರಿಂದ ಆರು ಗಂಟೆಗೊಮ್ಮೆ, ಚೀಲದಲ್ಲಿ 400 ಮಿ.ಲೀ. ಮೀರದ ಹಾಗೆ. ಮೊದಲು ತಾವಾಗಿ ಮಾಡಲು ಪ್ರಯತ್ನಿಸಬೇಕು, ಆಮೇಲೆ ಉಳಿದದ್ದನ್ನು ತೆಗೆದು ಅಳೆದು ಬರೆದಿಡಬೇಕು. ಉಳಿಕೆ 100 ಮಿ.ಲೀ.ಗಿಂತ ಕಡಿಮೆ ಸತತವಾಗಿ ಬಂದರೆ ನಿಲ್ಲಿಸಬಹುದು.

ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಸರಿಯಾಗುತ್ತದೆ. ಮೆಶ್ ಟೇಪಿನಲ್ಲಿ ಎರಡು ವಾರದೊಳಗೆ ಎಳೆದು ಸಡಿಲ ಮಾಡುವ ಅವಸರ ಇರುತ್ತದೆ, ಯಾಕೆಂದರೆ ಜಾಲರಿಯ ಕಣ್ಣಿನೊಳಗೆ ಅಂಗಾಂಶ ಬೆಳೆದ ಮೇಲೆ ಅದು ಅಲ್ಲಾಡುವುದಿಲ್ಲ. ಸ್ವಂತ ಪೊರೆಗೆ ಆ ಅವಸರ ಇಲ್ಲ. ಆರು ವಾರಕ್ಕಾದರೂ ಕಾಯುವುದು, ಹಳೆಯ ರೂಢಿ ಮೂರು ತಿಂಗಳು. ಮುಂಚೆ ಕತ್ತರಿಸಿದರೆ ಬದಿಯ ಕಲೆ ಇನ್ನೂ ಹಿಡಿದಿರುವುದಿಲ್ಲ, ಸೋರಿಕೆ ಮರಳುತ್ತದೆ. ತುಂಬಾ ತಡ ಮಾಡಿದರೆ ತಡೆಯ ಎದುರು ದುಡಿದು ದುಡಿದು ಚೀಲದ ಸ್ನಾಯು ಕೆಡುತ್ತದೆ, ಆಮೇಲೆ ಕತ್ತರಿಸಿದರೂ ಮೂತ್ರದ ಅವಸರ (ತಡೆಯಲಾಗದೆ ಓಡಬೇಕಾಗುವುದು) ಹೋಗುವುದಿಲ್ಲ. ಎರಡರ ನಡುವೆ ಹಿಡಿಯಬೇಕು.

ಕತ್ತರಿಸುವಾಗ ಪಟ್ಟಿ ಬಿಳಿಯ ಹುರಿಯ ಹಾಗೆ ಕೈಗೆ ಸಿಗುತ್ತದೆ. ಸಿಗದೇ ಹೋದರೆ ನಳಿಕೆಯೊಳಗೆ ಸಿಸ್ಟೊಸ್ಕೋಪ್ (ಒಳಗೆ ನೋಡುವ ಕೊಳವೆ) ಇಟ್ಟು ಮೇಲಕ್ಕೆ ಒತ್ತಿದಾಗ ಗೆರೆ ಎದ್ದು ಕಾಣುತ್ತದೆ. ನಳಿಕೆಗೂ ಪಟ್ಟಿಗೂ ನಡುವೆ ಮೊದಲು ಜಾಗ ಬಿಡಿಸಿಕೊಂಡು ಆಮೇಲೆ ಕತ್ತರಿಸಬೇಕು. ಆತುರ ಮಾಡಿದರೆ ನಳಿಕೆಗೇ ತೂತು.

ತಲಪಾಡಿಯ ಡಾಕ್ಟ್ರೇ, ನೀವು ನೋಡಬೇಕಾದ್ದು: ಧಾರೆ ಸಪೂರವಾಗಿದೆಯಾ, ಮುಂದಕ್ಕೆ ಬಾಗಿ ಅಥವಾ ಎದ್ದು ನಿಂತು ಮಾಡಬೇಕಾಗುತ್ತದಾ, ಮೇಲಿಂದ ಮೇಲೆ ಸೋಂಕು ಬರುತ್ತಿದೆಯಾ, ಮೊದಲು ಇಲ್ಲದ ಅವಸರ ಶುರುವಾಗಿದೆಯಾ. "ಸೋರುತ್ತದೆ" ಎಂದು ಬಂದವರೆಲ್ಲ ಪಟ್ಟಿ ಸಡಿಲವಾದವರಲ್ಲ. ಚೀಲ ತುಂಬಿ ಉಕ್ಕಿ ಸೋರುವವರೂ ಇರುತ್ತಾರೆ. ಉಳಿಕೆ ಅಳೆಯದೆ ಆಕ್ಸಿಬ್ಯುಟಿನಿನ್ (ಚೀಲದ ಸ್ನಾಯುವನ್ನು ಸಡಿಲಿಸುವ ಮದ್ದು) ಬರೆದುಕೊಟ್ಟರೆ ಪೂರ್ತಿ ಕಟ್ಟುತ್ತದೆ.

ತಲಪಾಡಿ_ಜಿಪಿ

ಒಳ್ಳೆಯದಾಯಿತು. ಕೊನೆಯ ಎರಡು ವಾಕ್ಯ ಅಚ್ಚು ಹಾಕಿ ಕ್ಲಿನಿಕ್ಕಿನ ಗೋಡೆಗೆ ಅಂಟಿಸಬೇಕು.

ಕುಂಬಳೆ_ನರ್ಸಕ್ಕ

ಯಶಸ್ಸು ಎಷ್ಟು ಶೇಕಡ ಎಂದು ಬರೆಯಲಿ? ಒಂದು ಕಡೆ 90 ಅಂತ, ಇನ್ನೊಂದು ಕಡೆ 50 ಅಂತ ಇದೆ.

ಚಂದ್ರಗಿರಿ_ಯುರೋಗೈನೆಕ್

ಅಳತೆಗೋಲು ಬೇರೆ ಬೇರೆ. ಅಮೆರಿಕದ 655 ಹೆಂಗಸರ ಸಿಸ್ಟರ್ (SISTEr) ಎಂಬ ಹೆಸರಿನ ಅಧ್ಯಯನ 2007ರಲ್ಲಿ ಪ್ರಕಟವಾಯಿತು; ಹೊಟ್ಟೆಯ ಪೊರೆಯ ಸ್ಲಿಂಗ್ ಒಂದು ಕಡೆ, ಬರ್ಚ್ ಹೊಲಿಗೆ (ಪಟ್ಟಿ ಇಲ್ಲದೆ, ನಳಿಕೆಯ ಬದಿಯ ಅಂಗಾಂಶವನ್ನು ದಾರದಿಂದ ಎತ್ತಿ ಹೊಲಿಯುವುದು) ಇನ್ನೊಂದು ಕಡೆ. ಎರಡು ವರ್ಷಕ್ಕೆ ಯಾವ ಬಗೆಯ ಸೋರಿಕೆಯೂ ಇರಬಾರದು ಎಂಬ ಕಟ್ಟುನಿಟ್ಟಿನ ಲೆಕ್ಕದಲ್ಲಿ ಸ್ಲಿಂಗಿಗೆ 47 ಶೇಕಡ, ಬರ್ಚಿಗೆ 38. ಕೆಮ್ಮಿನ ಸೋರಿಕೆ ಮಾತ್ರ ನೋಡಿದರೆ 66 ಮತ್ತು 49. ಅದರ ಬೆಲೆಯೂ ಬರೆಯಿರಿ: ಮೂತ್ರದ ಸೋಂಕು ಸ್ಲಿಂಗಿನವರಲ್ಲಿ 63 ಶೇಕಡ, ಬರ್ಚಿನವರಲ್ಲಿ 47, ಮೂತ್ರ ಮಾಡಲು ತೊಂದರೆ 14 ಮತ್ತು 2. ಸ್ಲಿಂಗಿನವರಲ್ಲಿ ಐದು ವರ್ಷಕ್ಕೆ ಸೋರಿಕೆ ಪೂರ್ತಿ ನಿಂತವರ ಪಾಲು ಸುಮಾರು 31ಕ್ಕೆ ಇಳಿಯಿತು, ಆದರೂ ತೃಪ್ತಿ ಇದೆ ಎಂದವರು 83 ಶೇಕಡ. "ಹನಿ ಸಹ ಬೀಳಬಾರದು" ಎಂಬ ಲೆಕ್ಕ ಬೇರೆ, "ಬಸ್ಸಿನಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಹೆದರದೆ ಹೋಗಬಹುದು" ಎಂಬ ಲೆಕ್ಕ ಬೇರೆ.

ಪೆರ್ಡಾಲ_ಫಿಸಿಯೊ

ಪಟ್ಟಿ ಚೆನ್ನಾಗಿ ಬದಲಾಗಬೇಕಾದರೆ ಊಟದ ವಿಷಯ ಬಿಡಬಾರದು. ಆಪರೇಷನ್ ಆದವರಿಗೆ ಬಾಣಂತಿ ಪಥ್ಯದ ಹಾಗೆ ಬೇಳೆ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಗಂಜಿ ಉಪ್ಪಿನಕಾಯಿ ಸಾಕು ಎನ್ನುವ ಮನೆಗಳು ಈಗಲೂ ಉಂಟು ಮಾರಾಯ್ರೇ. ಕೊಲಾಜನ್ ಎಂದರೆ ಪ್ರೋಟೀನು. ದೇಹದ ತೂಕದ ಕಿಲೊಗೆ 1.2 ಗ್ರಾಂ ಬೇಕು, 50 ಕಿಲೊದವರಿಗೆ ದಿನಕ್ಕೆ 60 ಗ್ರಾಂ. 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24, ಅರ್ಧ ಲೀಟರ್ ಹಾಲಿನಲ್ಲಿ 16, ಎರಡು ಮೊಟ್ಟೆಯಲ್ಲಿ 12, 100 ಗ್ರಾಂ ಬಂಗುಡೆಯಲ್ಲಿ ಹತ್ತಿರ 20. ವಿಟಮಿನ್ ಸಿ ಇಲ್ಲದೆ ನಾರಿನ ಹೆಣಿಗೆ ಗಟ್ಟಿಯಾಗುವುದಿಲ್ಲ. ನೆಲ್ಲಿಕಾಯಿ, ಪೇರಳೆ, ಲಿಂಬೆ ಸಾಕು. ಗಂಜಿತಿಳಿ ನೀರಿನ ಲೆಕ್ಕಕ್ಕೆ ಬರುತ್ತದೆ, ಪ್ರೋಟೀನಿನ ಲೆಕ್ಕಕ್ಕೆ ಬರುವುದಿಲ್ಲ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಬೇಕು, ಮುಕ್ಕುವುದೂ ಭಾರ ಎತ್ತಿದ ಹಾಗೆಯೇ.

ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಬಿಡಬೇಕು. ನಿಕೊಟಿನ್ ಸಣ್ಣ ರಕ್ತನಾಳವನ್ನು ಕುಗ್ಗಿಸುತ್ತದೆ, ಪಟ್ಟಿಗೆ ಬೇಕಾದ್ದು ಅದೇ ಸಣ್ಣ ರಕ್ತನಾಳ. ಬೀಡಿ ಕಟ್ಟುವವರಿಗೆ ಹುಡಿಯ ಕೆಮ್ಮು ಬೇರೆ. ಆಪರೇಷನ್ನಿಗೆ ಮೊದಲೇ ಕೆಮ್ಮಿಗೆ ಮದ್ದು ಮಾಡಿ.

ತಲಪಾಡಿ_ಜಿಪಿ

ಸಕ್ಕರೆ ಕಾಯಿಲೆಯವರಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಲೆಕ್ಕ) 8ರ ಒಳಗೆ ಬಂದ ಮೇಲೆ ಕಳಿಸುವುದು ಒಳ್ಳೆಯದು. ಸ್ಟಿರಾಯ್ಡ್ ತೆಗೆದುಕೊಳ್ಳುವವರ ಹೆಸರು ಮುಂಚೆಯೇ ತಿಳಿಸಬೇಕು, ಫೈಬ್ರೊಬ್ಲಾಸ್ಟಿನ ಕೆಲಸವನ್ನೇ ಅದು ತಗ್ಗಿಸುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ರೇಡಿಯೇಷನ್ ಆದವರಲ್ಲಿ ಪಟ್ಟಿ ಕೂರುವ ಜಾಗಕ್ಕೇ ರಕ್ತ ಕಡಿಮೆ.

ಮಂಜೇಶ್ವರ_ಓಟಿ

ಅಂಥವರಿಗೆ ಯೋನಿಯ ತುಟಿಯಿಂದ ಕೊಬ್ಬಿನ ಮಾರ್ಟಿಯಸ್ ಪದರವನ್ನು ಬುಡ ಬಿಡಿಸದೆ ತಿರುಗಿಸಿ ಪಟ್ಟಿಗೂ ಯೋನಿಯ ಚರ್ಮಕ್ಕೂ ನಡುವೆ ಇಡುತ್ತಾರೆ. ಅದು ತನ್ನ ರಕ್ತವನ್ನು ತಾನೇ ತರುತ್ತದೆ.

ಗಡಿನಾಡು_ಮಾಷ್ಟ್ರು

ಕೊಬ್ಬು ಎಂದಾಗ ಒಂದು ಪ್ರಶ್ನೆ. ಹೊಟ್ಟೆಯ ಕೊಬ್ಬನ್ನು ಸೂಜಿಯಲ್ಲಿ ತೆಗೆದು ನಳಿಕೆಯ ಸುತ್ತ ಚುಚ್ಚಿದರೆ ಗಾಯವೇ ಇಲ್ಲದೆ ಆಗುತ್ತದೆ ಎಂದು ವಾಟ್ಸಾಪಿನಲ್ಲಿ ತಿರುಗುತ್ತಿದೆ. ಅದೂ ಸ್ವಂತ ಅಂಗಾಂಶವೇ ಅಲ್ಲವೇ?

ಪೆಥಾಲಜಿ_ಮೇಜು

ಸ್ವಂತದ್ದೇ, ಆದರೆ ಪೊರೆಯ ಗುಣ ಇಲ್ಲ. ಕೊಬ್ಬಿನ ಕೋಶ ದೊಡ್ಡದು, ಆಮ್ಲಜನಕದ ಹಸಿವು ಹೆಚ್ಚು, ಹಿಂದೆ ಉಳಿಯಲು ನಾರಿನ ಚೌಕಟ್ಟು ಇಲ್ಲ. ಚುಚ್ಚಿದ ಉಂಡೆಯ ನಡುಭಾಗ ಸತ್ತು ಎಣ್ಣೆಯಾಗಿ ಹೀರಿಹೋಗುತ್ತದೆ. 2001ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಬರೇ ಉಪ್ಪುನೀರು ಚುಚ್ಚಿದ್ದಕ್ಕಿಂತ ಅದು ಮೇಲಾಗಲಿಲ್ಲ, ಒಬ್ಬರು ಶ್ವಾಸಕೋಶಕ್ಕೆ ಕೊಬ್ಬು ಹೋಗಿ ತೀರಿಕೊಂಡರು. ಆ ಸಂದೇಶ ಮುಂದೆ ಕಳಿಸಬೇಡಿ ಮಾಷ್ಟ್ರೇ.

ಕುಂಬಳೆ_ನರ್ಸಕ್ಕ

ಕರಡು ತಿದ್ದಿದೆ. ರಬ್ಬರ್ ಬ್ಯಾಂಡ್ ಹೋಯಿತು. ಈಗ ಹೀಗಿದೆ: "ನಿಮ್ಮ ಹೊಟ್ಟೆಯ ಪೊರೆಯ ಪಟ್ಟಿ ಮೂತ್ರನಳಿಕೆಯ ಕೆಳಗೆ ಆಸರೆಯಾಗಿ ಕೂರುತ್ತದೆ. ಕೆಲವು ತಿಂಗಳಲ್ಲಿ ನಿಮ್ಮ ದೇಹ ಅದರೊಳಗೆ ಹೊಸ ನಾರು ನೇಯುತ್ತದೆ. ಒಂದು ತಿಂಗಳಿಗೆ ನೋವು ಹೋಗುತ್ತದೆ, ಆದರೆ ಒಳಗಿನ ನೇಯ್ಗೆ ಮುಗಿದಿರುವುದಿಲ್ಲ. ಮೂರು ತಿಂಗಳು ತುಂಬಿದ ಕೊಡ ಎತ್ತಬೇಡಿ."

ಚಂದ್ರಗಿರಿ_ಯುರೋಗೈನೆಕ್

ಚೆನ್ನಾಗಿದೆ. ಕೆಳಗೆ ಒಂದು ಸಾಲು ಸೇರಿಸಿ: ಜ್ವರ, ಹೊಟ್ಟೆಯ ಗಾಯದಿಂದ ಕೀವು, ಆರು ಗಂಟೆ ಮೂತ್ರವೇ ಬಾರದಿರುವುದು, ಗಟ್ಟಿ ರಕ್ತ ಬರುವುದು, ಇವಕ್ಕೆ ಮರುದಿನದ ತನಕ ಕಾಯಬಾರದು.

ತಲಪಾಡಿ_ಜಿಪಿ

ಮುಂದೆ ಎಂದಾದರೂ ಎಂಆರ್‌ಐ ಮಾಡಿಸಬಹುದಾ ಎಂದು ಕೇಳುತ್ತಾರೆ. ಸ್ಕ್ಯಾನಿನಲ್ಲಿ ಪಟ್ಟಿ ಕಾಣುತ್ತದಾ?

ಮಂಜೇಶ್ವರ_ಓಟಿ

ಮಾಡಿಸಬಹುದು, ಲೋಹ ಏನೂ ಇಲ್ಲ, ಪ್ರೋಲೀನ್ ಸಹ ಪ್ಲಾಸ್ಟಿಕ್. ಅಲ್ಟ್ರಾಸೌಂಡಿನಲ್ಲಿ ಮೆಶ್ ಬೆಳ್ಳಗೆ ಹೊಳೆಯುತ್ತದೆ. ಸ್ವಂತ ಪಟ್ಟಿ ಅಷ್ಟು ಸ್ಪಷ್ಟ ಅಲ್ಲ, ಹಳೆಯದಾದಷ್ಟೂ ಸುತ್ತಲಿನದರ ಜೊತೆ ಸೇರಿಹೋಗುತ್ತದೆ. ರಿಪೋರ್ಟಿನಲ್ಲಿ "ಸ್ಲಿಂಗ್ ಕಾಣಲಿಲ್ಲ" ಎಂದು ಬಂದರೆ ಗಾಬರಿ ಬೇಡ, ಡಿಸ್ಚಾರ್ಜ್ ಕಾಗದವನ್ನು ಜೊತೆಗೆ ಕೊಂಡುಹೋಗಿ ಸ್ಕ್ಯಾನ್ ಮಾಡುವವರಿಗೆ ಮೊದಲೇ ತೋರಿಸಲಿ.